ಕಾಳಿ ಅಳಿವೆಯ ಉಪ್ಪು, ಮೆಮೊರಿಯ ಲೆಕ್ಕ

ಕಾರವಾರದ ಕೋಡಿಬಾಗದ ಬಳಿ ಕಾಳಿ ನದಿ ಕಡಲು ಸೇರುತ್ತದೆ. ಉಬ್ಬರ ಬಂದರೆ ಉಪ್ಪುನೀರು ಹೊಳೆಯೊಳಗೆ ಏರುತ್ತದೆ. ಮಳೆಗಾಲದಲ್ಲಿ ಘಟ್ಟ ಇಳಿದು ಬಂದ ಸಿಹಿನೀರು ಅದನ್ನು ಹಿಂದಕ್ಕೆ ದೂಡುತ್ತದೆ. ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಅಳಿವೆಯನ್ನು ಪುಟ್ಟ ಪುಟ್ಟ ಚೌಕಗಳಾಗಿ ವಿಂಗಡಿಸಬೇಕು. ಹತ್ತು ಲಕ್ಷ ಚೌಕ ಎಂದಿಟ್ಟುಕೊಳ್ಳೋಣ.

ಕಾಲೇಜಿನಲ್ಲಿ ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತವರು ಸಾಮಾನ್ಯವಾಗಿ ಚೌಕಕ್ಕೊಂದು ಆಬ್ಜೆಕ್ಟ್ (ಮಾಹಿತಿಯನ್ನೂ ಅದರ ಮೇಲಿನ ಕೆಲಸಗಳನ್ನೂ ಒಟ್ಟಿಗೆ ಕಟ್ಟಿಟ್ಟ ಗಂಟು) ಮಾಡುತ್ತಾರೆ. ಆಳ, ನೀರಿನ ಮಟ್ಟ, ಉಷ್ಣತೆ, ಲವಣಾಂಶ, ಮೂರು ದಿಕ್ಕಿನ ವೇಗ, ಹೀಗೆ ಏಳು ಸಂಖ್ಯೆಗಳು ಒಂದೇ ಕಡೆ. ಓದಲು ಚೆಂದ, ತಿದ್ದಲು ಸುಲಭ. 1960ರ ದಶಕದಲ್ಲಿ ನಾರ್ವೆಯ ಡಾಲ್ ಮತ್ತು ನೈಗಾರ್ಡ್ ರೂಪಿಸಿದ ಸಿಮುಲಾ ಭಾಷೆಯಲ್ಲಿ ಆಬ್ಜೆಕ್ಟ್ ಹುಟ್ಟಿದ್ದೇ ಸಿಮ್ಯುಲೇಶನ್, ಅಂದರೆ ಹೊರಗಿನ ಆಗುಹೋಗುಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಕೆಲಸದಿಂದ.

ತೊಡಕಿರುವುದು ಮೆಮೊರಿಯಲ್ಲಿ. ಸಂಖ್ಯೆಗೆ 8 ಬೈಟ್‌ನಂತೆ ಏಳಕ್ಕೆ 56. ನದಿ, ಕಡಲು, ದಡ ಎಂದು ಚೌಕಗಳಲ್ಲಿ ಬಗೆಗಳಿದ್ದು ವರ್ಚುವಲ್ ಫಂಕ್ಷನ್ (ಒಂದೇ ಹೆಸರಿನಲ್ಲಿ ಕರೆದರೂ ಬಗೆಗೆ ತಕ್ಕಂತೆ ಬೇರೆ ಬೇರೆಯಾಗಿ ಓಡುವ ಕೆಲಸ) ಬಳಸಿದರೆ ಸರಿಯಾದ ಫಂಕ್ಷನ್ ಹುಡುಕಿಕೊಳ್ಳಲು ಬೇಕಾದ ಇನ್ನೊಂದು 8 ಬೈಟಿನ ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ, ಸೇರಿ 64. ಇಂದಿನ ಬಹುಪಾಲು ಪ್ರೊಸೆಸರ್‌ಗಳು ಮೆಮೊರಿಯಿಂದ ಒಮ್ಮೆಗೆ ಎಳೆದು ತರುವುದೂ 64 ಬೈಟನ್ನೇ. ಲವಣಾಂಶದ ಸರಾಸರಿಯಷ್ಟೇ ಬೇಕಿದ್ದರೂ ಇಡೀ ಆಬ್ಜೆಕ್ಟ್ ಬರುತ್ತದೆ. 8 ಬೈಟ್ ಕೆಲಸಕ್ಕೆ, ಉಳಿದ 56 ದಂಡ. ಹತ್ತು ಲಕ್ಷ ಚೌಕಕ್ಕೆ 64 ಮೆಗಾಬೈಟ್ ಸಾಗಾಟ. ಲವಣಾಂಶಗಳನ್ನಷ್ಟೇ ಒಂದು ಅರೇಯಲ್ಲಿ ಸಾಲಾಗಿ ಇಟ್ಟಿದ್ದರೆ 8 ಮೆಗಾಬೈಟಿಗೆ ಮುಗಿಯುತ್ತಿತ್ತು.

ವರ್ಚುವಲ್ ಫಂಕ್ಷನ್‌ನಿಂದ ಇನ್ನೂ ಒಂದು ನಷ್ಟವಿದೆ. ಯಾವ ಫಂಕ್ಷನ್ ಓಡಬೇಕೆಂಬುದು ಪ್ರೋಗ್ರಾಂ ನಡೆಯುವಾಗಲೇ ತೀರ್ಮಾನವಾಗುವುದರಿಂದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ಗೆ ಸಾಮಾನ್ಯವಾಗಿ ಅದನ್ನು ಲೂಪಿನೊಳಗೆ (ಒಂದೇ ಕೆಲಸವನ್ನು ಚೌಕದಿಂದ ಚೌಕಕ್ಕೆ ಮತ್ತೆ ಮತ್ತೆ ಮಾಡುವ ಭಾಗ) ಬೆರೆಸಲು ಆಗುವುದಿಲ್ಲ. ಹಲವು ಸಂಖ್ಯೆಗಳ ಮೇಲೆ ಒಂದೇ ಏಟಿಗೆ ಕೆಲಸ ಮಾಡುವ ಎವಿಎಕ್ಸ್-512 ಎಂಬ ಸೌಲಭ್ಯ ಇರುವ ಪ್ರೊಸೆಸರ್ ಇಂಥ ಎಂಟು ಸಂಖ್ಯೆಗಳನ್ನು ಒಟ್ಟಿಗೆ ಕೂಡಬಲ್ಲದು. ಆ ಅವಕಾಶವೂ ಕೈತಪ್ಪುತ್ತದೆ.

ಹಾಗಾದರೆ ಆಬ್ಜೆಕ್ಟ್ ಬಿಟ್ಟು ವೈಜ್ಞಾನಿಕ ಲೆಕ್ಕಗಳ ಹಳೆಯ ಭಾಷೆಯಾದ ಫೋರ್ಟ್ರಾನ್‌ಗೇ ಮರಳಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 2003ರ ಮಾನಕದಿಂದ ಫೋರ್ಟ್ರಾನ್‌ನಲ್ಲೂ ಆಬ್ಜೆಕ್ಟ್ ಶೈಲಿ ಇದೆ, ಅಲ್ಲಿಯೂ ಇದೇ ತಪ್ಪು ಮಾಡಬಹುದು. ಯಾವುದನ್ನು ಆಬ್ಜೆಕ್ಟ್ ಮಾಡುತ್ತೇವೆ ಎನ್ನುವುದು ಮುಖ್ಯ. ಚೌಕದ ಬದಲು ಇಡೀ ಅಳಿವೆಯೇ ಒಂದು ಆಬ್ಜೆಕ್ಟ್ ಆಗಲಿ, ಒಳಗೆ ಲವಣಾಂಶಕ್ಕೊಂದು ಅರೇ, ಉಷ್ಣತೆಗೊಂದು ಅರೇ. ನದಿಯ ಚೌಕಗಳಿಗೊಂದು ಲೂಪ್, ಕಡಲಿನವಕ್ಕೊಂದು. ಬಗೆ ಯಾವುದೆಂದು ಪ್ರತಿ ಚೌಕದಲ್ಲೂ ಕೇಳುವ ಕೆಲಸವಿಲ್ಲ. ಹೊರಗಿನಿಂದ ಬಳಸುವವರಿಗೆ ಅಚ್ಚುಕಟ್ಟುತನ ಹಾಗೆಯೇ ಉಳಿಯುತ್ತದೆ.

ಎಲ್ಲ ಲೆಕ್ಕಕ್ಕೂ ಇದೇ ಜೋಡಣೆ ಒಗ್ಗುವುದಿಲ್ಲ. ನೀರಲ್ಲಿ ತೇಲುವ ಮೀನಿನ ಮೊಟ್ಟೆಯ ಜಾಡು ಹಿಡಿಯುವ ಪ್ರೋಗ್ರಾಂ ಎಲ್ಲೋ ಒಂದು ಚೌಕಕ್ಕೆ ಹೋಗಿ ಅದರ ಏಳೂ ಸಂಖ್ಯೆಗಳನ್ನು ಕೇಳುತ್ತದೆ. ಅಲ್ಲಿ ಒಟ್ಟಿಗೆ ಇಟ್ಟಿದ್ದೇ ಲಾಭ. ಅದಕ್ಕೇ ಪ್ರೊಫೈಲರ್ (ಪ್ರೋಗ್ರಾಂನ ಯಾವ ಭಾಗಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ತೋರಿಸುವ ಸಾಧನ) ಹಾಕಿ ಅಳೆಯಬೇಕು, ಅದೂ ಪೂರ್ತಿ ಅಳಿವೆಯ ಮೇಲೆ. ಸಾವಿರ ಚೌಕದ ಪರೀಕ್ಷೆಗೆ ಬೇಕಾದ್ದು ಬರೀ 64 ಸಾವಿರ ಬೈಟ್. ಅಷ್ಟೂ ಪ್ರೊಸೆಸರ್ ಒಳಗಿನ ಪುಟ್ಟ, ವೇಗದ ಮೆಮೊರಿಯಾದ ಕ್ಯಾಶ್‌ನಲ್ಲೇ ಹಿಡಿಸುವುದರಿಂದ ಅಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ.