ಗ್ರೊಮೆಟ್ ಹಾಕಿದರೆ ಮುಗಿಯಲಿಲ್ಲ: ಫೈರ್‌ವಾಲ್ ದಾಟುವ ವೈರಿಂಗ್

ಎಂಜಿನ್ ಬದಲಿಸಿದ ಕಾರು, ಕಾರ್ಬ್ಯುರೇಟರ್ ತೆಗೆದು ಇಂಜೆಕ್ಷನ್ ಕೂರಿಸಿದ ಕಾರು, ಯಾವುದು ಬಂದರೂ ನಾನು ಮೊದಲು ಟಾರ್ಚ್ ಹಿಡಿದು ನೋಡುವುದು ಫೈರ್‌ವಾಲನ್ನು. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಆ ತಗಡನ್ನು ಹಾರ್ನೆಸ್, ಅಂದರೆ ವೈರುಗಳ ಕಟ್ಟು, ಹೇಗೆ ದಾಟಿದೆ ಎಂಬುದನ್ನು ಕಂಡರೆ ಉಳಿದ ವೈರಿಂಗ್ ಹೇಗಿರಬಹುದೆಂದು ಅಂದಾಜಾಗುತ್ತದೆ. ಬಹಳಷ್ಟು ಜನ ತೂತಿಗೆ ಗ್ರೊಮೆಟ್, ಅಂದರೆ ಅಂಚಿಗೆ ಕೂರುವ ರಬ್ಬರ್ ಬಳೆ, ಹಾಕಿ ನಿಶ್ಚಿಂತರಾಗುತ್ತಾರೆ. ತಗಡಿನ ಅಂಚು ವೈರನ್ನು ಕೊಯ್ಯದಂತೆ, ನೀರು, ಹೊಗೆ, ಪೆಟ್ರೋಲ್ ಆವಿ ಒಳಗೆ ಬಾರದಂತೆ ನೋಡಿಕೊಳ್ಳುವುದು ಗ್ರೊಮೆಟ್ಟಿನ ಕೆಲಸ. ಹಾರ್ನೆಸ್ಸಿನ ಭಾರ ಹೊರುವುದು, ಎಳೆತ ತಾಳುವುದು ಅದರ ಕೆಲಸವಲ್ಲ.

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಸ್ಟಾರ್ಟ್ ಮಾಡಿದಾಗ, ಕ್ಲಚ್ ಬಿಟ್ಟಾಗ, ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಅದು ವಾಲುತ್ತದೆ. ಫೈರ್‌ವಾಲ್ ಬಾಡಿಯ ಭಾಗ, ಅದು ಅಲುಗುವುದಿಲ್ಲ. ಹಾರ್ನೆಸ್ಸನ್ನು ಎಂಜಿನ್ನಿನಿಂದ ನೇರವಾಗಿ ತೂತಿಗೆ ಬಿಗಿಯಾಗಿ ಎಳೆದಿದ್ದರೆ ಎಂಜಿನ್ ವಾಲಿದಷ್ಟೂ ಸಲ ವೈರು ಒಂದೇ ಜಾಗದಲ್ಲಿ ಬಾಗುತ್ತದೆ. ಮೇಲಿನ ಇನ್ಸುಲೇಷನ್ ಚೆನ್ನಾಗಿಯೇ ಕಾಣುತ್ತಿರುತ್ತದೆ, ಒಳಗೆ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತಿರುತ್ತವೆ. ಕಾರು ನಿಂತಿದ್ದಾಗ ಮೀಟರ್ ಹಿಡಿದರೆ ಎಲ್ಲ ಸರಿ. ಓಡುವಾಗ ಮಾತ್ರ ಎಂಜಿನ್ ತಡವರಿಸುತ್ತದೆ. ಸೆನ್ಸರ್ ಬದಲಿಸಿ, ಇಂಜೆಕ್ಟರ್ ಬದಲಿಸಿ, ಕೊನೆಗೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಮೇಲೆ ಅನುಮಾನ ಪಡುವವರೆಗೂ ಇದು ಸಿಗುವುದಿಲ್ಲ. ಅದಕ್ಕಾಗಿ ತೂತಿನ ಎರಡೂ ಬದಿ, ಒಂದು ಗೇಣಿನೊಳಗೆ, ಹಾರ್ನೆಸ್ಸನ್ನು ಬಾಡಿಗೇ ಕ್ಲಿಪ್ ಹಾಕಿ ಹಿಡಿಸಬೇಕು. ಹೊರಗಿನ ಕ್ಲಿಪ್ಪಿನಿಂದ ಎಂಜಿನ್ನಿನವರೆಗೆ ಸಡಿಲವಾದ ದೊಡ್ಡ ಬಾಗು ಬಿಡಬೇಕು. ಎಂಜಿನ್ ಆಫ್ ಇರುವಾಗ ಎಂಜಿನ್ನನ್ನೇ ಕೈಯಿಂದ ಹಿಂದೆ ಮುಂದೆ ಜಗ್ಗಿ ನೋಡಿ. ಬಾಗು ಅಲುಗಿದರೆ ಸರಿ, ಗ್ರೊಮೆಟ್ ಅಲುಗಿದರೆ ಕ್ಲಿಪ್ಪಿನ ಜಾಗ ತಪ್ಪಿದೆ.

ತೂತು ಎಲ್ಲಿ? ಡ್ರಿಲ್ ತೆಗೆಯುವ ಮುಂಚೆ ಕಾರು ತಯಾರಿಸಿದವರೇ ಬಿಟ್ಟ ತೂತುಗಳನ್ನು ಹುಡುಕಿ. ಎಡ, ಬಲ ಎರಡೂ ಕಡೆಯ ಸ್ಟೀರಿಂಗಿಗೆ ಮಾಡಿದ ಬಾಡಿಗಳಲ್ಲಿ ಬಳಸದ ಬದಿಗೆ ರಬ್ಬರ್ ಮುಚ್ಚಳ ಹಾಕಿದ ತೂತು ಸಿಗುವುದುಂಟು. ಹೊಸದಾಗಿ ಕೊರೆಯಲೇಬೇಕೆಂದರೆ ಬ್ಯಾಟರಿ ಬಿಚ್ಚಿ, ತಗಡಿನ ಹಿಂದೆ ಏನಿದೆಯೆಂದು ಒಳಗಿನಿಂದ ನೋಡಿ. ಪೆಡಲ್, ಸ್ಟೀರಿಂಗ್ ಶಾಫ್ಟ್, ಹೀಟರ್, ವೈಪರ್ ಲಿಂಕೇಜ್ ಎಲ್ಲವೂ ಅಲ್ಲೇ ಇಕ್ಕಟ್ಟಿನಲ್ಲಿರುತ್ತವೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇರುವ ಬದಿ ಬೇಡವೇ ಬೇಡ. ಕೊರೆದ ಅಂಚನ್ನು ಅರದಿಂದ ಉಜ್ಜಿ, ಪ್ರೈಮರ್, ಪೇಂಟ್ ಹಚ್ಚಿ, ಒಣಗಿದ ಮೇಲೆಯೇ ಗ್ರೊಮೆಟ್ ಕೂರಿಸಿ. ಬರಿ ತಗಡು ಬಿಟ್ಟರೆ ತುಕ್ಕು ರಬ್ಬರಿನ ಅಡಿಯಲ್ಲೇ ಹರಡುತ್ತದೆ. ಗ್ರೊಮೆಟ್ಟಿನ ಸುತ್ತಲಿನ ತೋಡು ತಗಡಿನ ದಪ್ಪಕ್ಕೆ ಹೊಂದಬೇಕು. ಒಳಬದಿಯ ಶಬ್ದನಿರೋಧಕ ಪದರವನ್ನು ತೂತಿನ ಸುತ್ತ ಕತ್ತರಿಸದಿದ್ದರೆ ಅದು ಹೊಂದುವುದೇ ಇಲ್ಲ.

ಕಪ್ಲರ್ (ವೈರುಗಳ ತುದಿಯ ಪ್ಲಗ್) ದೊಡ್ಡದೆಂದು ತೂತನ್ನೂ ದೊಡ್ಡದು ಮಾಡುವವರಿದ್ದಾರೆ. ಅದಕ್ಕಿಂತ ಕೆಟ್ಟದ್ದೆಂದರೆ ವೈರು ಕತ್ತರಿಸಿ, ದಾಟಿಸಿ, ಗೋಡೆಯ ಪಕ್ಕದಲ್ಲೇ ಬೆಸುಗೆ ಹಾಕಿ ಟೇಪ್ ಸುತ್ತುವುದು. ಬೆಸುಗೆ ಹೀರಿದ ವೈರು ಸೆಟೆದುಕೊಳ್ಳುತ್ತದೆ, ಬಾಗುವ ಜಾಗದಲ್ಲಿದ್ದರೆ ಬೆಸುಗೆ ಮುಗಿಯುವ ಗೆರೆಯಲ್ಲೇ ಮುರಿಯುತ್ತದೆ. ಇಸಿಯು ಕ್ಯಾಬಿನ್ನಿನಲ್ಲಿದ್ದರೆ ಅದರ ದೊಡ್ಡ ಕಪ್ಲರನ್ನು ಒಳಗೇ ಬಿಟ್ಟು, ಸೆನ್ಸರ್ ಬದಿಯ ತುದಿಗಳನ್ನು ಒಳಗಿನಿಂದ ಹೊರಕ್ಕೆ ದಾಟಿಸಿ. ಗ್ರೊಮೆಟ್ ಮೊದಲೇ ವೈರಿಗೆ ಪೋಣಿಸಿರಲಿ, ವೈರಿನ ತುದಿಗೆ ಪಿನ್ ಕ್ರಿಂಪ್ ಮಾಡಿ (ಅದುಮಿ ಕೂರಿಸಿ) ಕಪ್ಲರ್ ಹಾಕುವುದು ದಾಟಿದ ಮೇಲೆ. ಗೋಡೆಗೇ ಬೋಲ್ಟ್ ಮಾಡುವ ಬಲ್ಕ್‌ಹೆಡ್ ಕನೆಕ್ಟರ್ ನೋಡಲು ಬಲು ಚೆಂದ. ಮೇಲಿಂದ ಮೇಲೆ ಎಂಜಿನ್ ಇಳಿಸುವ ರೇಸ್ ಕಾರಿಗೆ ಅದು ಬೇಕು. ರಸ್ತೆಯ ಕಾರಿಗೆ ನಾನು ಹಾಕುವುದಿಲ್ಲ, ಪ್ರತಿ ವೈರಿಗೂ ಒಂದು ಹೆಚ್ಚುವರಿ ಕೀಲು ಯಾಕೆ?

ನೀರಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಹಾರ್ನೆಸ್ ಮೇಲಿನಿಂದ ಇಳಿದು ತೂತಿಗೆ ನುಗ್ಗಿದರೆ ಮಳೆನೀರೂ ಅದರ ಮೈಮೇಲೆ ಹರಿದು ಒಳಗೆ ಬರುತ್ತದೆ. ಆದ್ದರಿಂದ ತೂತಿಗಿಂತ ಕೆಳಗೆ ಇಳಿಸಿ, ಆಮೇಲೆ ಮೇಲಕ್ಕೆ ತಿರುಗಿಸಿ ಒಳಗೆ ಬಿಡಬೇಕು, ಆಗ ನೀರು ಬಾಗಿನ ತಳದಲ್ಲೇ ತೊಟ್ಟಿಕ್ಕುತ್ತದೆ. ವೈರಿನ ಒಳಗೂ ನೀರು ನಡೆಯುತ್ತದೆ. ದೀಪದ ಬತ್ತಿ ಎಣ್ಣೆ ಹೀರುವಂತೆ ತಾಮ್ರದ ಎಳೆಗಳು ಅದನ್ನು ಹೀರುತ್ತವೆ. ಎಂಜಿನ್ ಬದಿಯ ಸೀಲ್ ಹರಿದ ಒಂದು ಕಪ್ಲರ್ ಸಾಕು, ಕ್ಯಾಬಿನ್ನಿನಲ್ಲಿರುವ ಇಸಿಯು ಪಿನ್ನಿಗೆ ಹಸಿರು ಕಿಲುಬು ಹಿಡಿಯಲು. ಸಂದಿಗೆ ಸಿಲಿಕೋನ್ ತುಂಬುವಾಗ ವಿನೆಗರ್ ವಾಸನೆ ಬರುವ ಬಗೆಯನ್ನು ಮುಟ್ಟಬೇಡಿ. ಅದು ಒಣಗುವಾಗ ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದದ್ದನ್ನೇ ಕೊಳ್ಳಿ.

ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರಿನ ಶೀಲ್ಡ್ ವೈರನ್ನು (ಸುತ್ತ ಲೋಹದ ಕವಚವಿರುವ ವೈರು) ಆಲ್ಟರ್ನೇಟರ್, ಇಗ್ನಿಷನ್ ಕಾಯಿಲ್ ವೈರುಗಳ ಜೊತೆ ಕಟ್ಟಬೇಡಿ. ಬ್ಯಾಟರಿಯಿಂದ ಒಳಗೆ ಬರುವ ದಪ್ಪ ಪಾಸಿಟಿವ್ ಕೇಬಲ್ಲಿಗೆ ಬೇರೆಯೇ ತೂತಿರಲಿ, ಅದರ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಫ್ಯೂಸನ್ನು ಕ್ಯಾಬಿನ್ನಿನೊಳಗೆ ಇಟ್ಟರೆ, ಕೇಬಲ್ ತಗಡಿಗೆ ಉಜ್ಜಿ ಶಾರ್ಟ್ ಆದ ದಿನ ಅದು ಕಾಯುವುದು ಏನನ್ನೂ ಅಲ್ಲ.

ಎಲ್ಲ ಆದ ಮೇಲೆ ಕತ್ತಲಲ್ಲಿ ಬಾನೆಟ್ ಕೆಳಗೆ ಟಾರ್ಚ್ ಹಚ್ಚಿಟ್ಟು, ಡ್ಯಾಶ್‌ಬೋರ್ಡ್ ಅಡಿ ಮಲಗಿ ನೋಡಿ. ಬೆಳಕು ಬಂದಲ್ಲಿ ಹೊಗೆಯೂ ಬರುತ್ತದೆ. ಆಮೇಲೆ ವಿಂಡ್‌ಶೀಲ್ಡಿನ ಬುಡಕ್ಕೆ ನೀರು ಬಿಟ್ಟು ಕಾರ್ಪೆಟ್ಟಿನ ಅಡಿಗೆ ಕೈ ಹಾಕಿ. ಎಂಜಿನ್ ಕೆಲವು ಸಲ ಪೂರ್ತಿ ಬಿಸಿಯಾಗಿ ತಣ್ಣಗಾದ ನಂತರ ಇನ್ನೊಮ್ಮೆ ಗ್ರೊಮೆಟ್ ನೋಡಿ: ಅದರ ತುಟಿ ಒಂದು ಕಡೆ ಜಾರಿದ್ದರೆ ಹೊಸ ಗ್ರೊಮೆಟ್ ತರುವ ಮೊದಲು ಹೊರಗಿನ ಕ್ಲಿಪ್ ಬಿಚ್ಚಿ, ಬಾಗಿಗೆ ಇನ್ನಷ್ಟು ಸಡಿಲ ಕೊಡಿ.