ಸಿಸ್‌ಲಾಗ್ ಫೈಲ್ ಎಲ್ಲಿ ಹೋಯ್ತು?

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಮೊನ್ನೆ ಗಾಬರಿಯಿಂದ ಬಂದ. ‘ಸರ್, ಈ ಸರ್ವರ್‌ನಲ್ಲಿ ಸಿಸ್‌ಲಾಗ್ ಫೈಲೇ ಇಲ್ಲ. ಯಾರೋ ಡಿಲೀಟ್ ಮಾಡಿದಾರೆ ಅನ್ಸುತ್ತೆ’ ಅಂದ. ಸಿಸ್‌ಲಾಗ್ ಅಂದರೆ ಸರ್ವರ್‌ನ ಆಗುಹೋಗು ಸಾಲುಸಾಲಾಗಿ ಬರೆದಿಡುವ ಫೈಲ್, ಅಂದರೆ ಲಾಗ್. ಅದನ್ನು ಯಾರೂ ಡಿಲೀಟ್ ಮಾಡಿರಲಿಲ್ಲ. ಆ ಸರ್ವರ್ ಡೆಬಿಯನ್ 12, ಲಿನಕ್ಸ್‌ನ ಒಂದು ಬಗೆ. ನಾವಾಗಿ ಹೇಳದಿದ್ದರೆ ಅಲ್ಲಿ ಆ ಫೈಲ್ ಹುಟ್ಟುವುದೇ ಇಲ್ಲ. ಪಕ್ಕದ ರೆಡ್ ಹ್ಯಾಟ್ ಮಷೀನ್‌ನಲ್ಲಿ ಲಾಗ್ ‘ಮೆಸೇಜಸ್’ ಎಂಬ ಫೈಲ್‌ನಲ್ಲಿತ್ತು. ಉಬುಂಟುವಿನಲ್ಲಿ ಎರಡು ಕಡೆ ಇತ್ತು. ಒಂದೇ ರೂಮು, ಮೂರು ಮಷೀನು, ಮೂರು ಉತ್ತರ.

ಇದು ಹೀಗಾಗಿದ್ದು ಒಂದೇ ದಿನದಲ್ಲಲ್ಲ.

1980ರ ದಶಕದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್ಮನ್ ಸೆಂಡ್‌ಮೇಲ್ ಎಂಬ ಅಂಚೆ ಪ್ರೋಗ್ರಾಮ್ ಬರೆಯುತ್ತಿದ್ದರು. ಅದರ ಆಗುಹೋಗು ಬರೆದಿಡಲು ಮಾಡಿಕೊಂಡ ಸಣ್ಣ ಉಪಾಯವೇ ಸಿಸ್‌ಲಾಗ್. ಬೇರೆ ಪ್ರೋಗ್ರಾಮ್‌ಗಳೂ ಅದನ್ನೇ ಹಿಡಿದವು. ನೋಡನೋಡುತ್ತ ಯುನಿಕ್ಸ್ ಲೋಕಕ್ಕೆಲ್ಲ, ರೌಟರ್‌ಗಳಿಗೆ, ಪ್ರಿಂಟರ್‌ಗಳಿಗೆ ಅದೇ ರೂಢಿಯಾಯಿತು. ಸುಮಾರು ಇಪ್ಪತ್ತು ವರ್ಷ ಇದಕ್ಕೆ ಬರೆದಿಟ್ಟ ನಿಯಮವೇ ಇರಲಿಲ್ಲ. 2001ರಲ್ಲಿ ಬಂದ ಆರ್‌ಎಫ್‌ಸಿ 3164 ಎಂಬ ಇಂಟರ್ನೆಟ್ ದಾಖಲೆ ಕೂಡ ಹೊಸದೇನೂ ವಿಧಿಸಲಿಲ್ಲ. ಜನ ಹೇಗೆ ಬಳಸುತ್ತಿದ್ದಾರೋ ಅದನ್ನು ನೋಡಿ ಬರೆದಿಟ್ಟಿತು, ಅಷ್ಟೆ.

ಆ ಹಳೇ ಸಾಲನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ನೆಟ್‌ವರ್ಕ್‌ನಲ್ಲಿ ಹೋಗುವಾಗ ಸಾಲಿನ ಮೊದಲಿಗೆ ಒಂದು ಸಂಖ್ಯೆ ಇರುತ್ತದೆ. 38 ಅಂತಿಟ್ಟುಕೊಳ್ಳಿ. ಅದನ್ನು 8ರಿಂದ ಭಾಗಿಸಿದರೆ 4 ಬರುತ್ತದೆ, 6 ಉಳಿಯುತ್ತದೆ. 4 ಅಂದರೆ ಲಾಗಿನ್, ಪಾಸ್‌ವರ್ಡ್ ವಿಭಾಗ. 6 ಅಂದರೆ ಸಾಮಾನ್ಯ ಮಾಹಿತಿ. 0 ಉಳಿದರೆ ಸಿಸ್ಟಮ್ ಕೈಕೊಟ್ಟಿದೆ ಅಂತ ಅರ್ಥ. ಒಟ್ಟು 24 ವಿಭಾಗ. ಅದರಲ್ಲಿ 8ನೇದು ಇವತ್ತಿಗೂ ಯುಯುಸಿಪಿಗೆ ಮೀಸಲು. ಅದು ಫೋನ್ ಲೈನ್ ಮೇಲೆ ಫೈಲ್ ಸಾಗಿಸುತ್ತಿದ್ದ ಕಾಲದ ವ್ಯವಸ್ಥೆ. ವೆಬ್ ಸರ್ವರ್‌ಗೆ ಮಾತ್ರ ಅಲ್ಲಿ ಸ್ವಂತ ಮನೆ ಇಲ್ಲ.

ಸಂಖ್ಯೆ ಆದಮೇಲೆ ತಿಂಗಳು, ತಾರೀಖು, ಗಂಟೆ. ವರ್ಷ ಇಲ್ಲ. ಯಾವ ದೇಶದ ಸಮಯ ಅಂತಲೂ ಇಲ್ಲ. ಬೆಂಗಳೂರಿನ ಸರ್ವರ್ ಬೆಳಿಗ್ಗೆ 10:00 ಅಂತ ಬರೆಯುತ್ತದೆ. ಯುಟಿಸಿ, ಅಂದರೆ ಜಾಗತಿಕ ಸಮಯದಲ್ಲಿ ಓಡುವ ಇನ್ನೊಂದು ಸರ್ವರ್ ಅದೇ ಕ್ಷಣವನ್ನು 04:30 ಅಂತ ಬರೆಯುತ್ತದೆ. ಎರಡನ್ನೂ ಒಂದೇ ಫೈಲ್‌ಗೆ ಸುರಿದರೆ ಯಾವುದು ಮೊದಲು ನಡೆಯಿತು ಅಂತ ಹೇಳುವುದು ಹೇಗೆ?

ಕಳಿಸುವ ದಾರಿ ಯುಡಿಪಿ, ಪೋರ್ಟ್ 514. ಅದು ಅಂಚೆ ಕಾರ್ಡ್ ಇದ್ದ ಹಾಗೆ. ಡಬ್ಬಕ್ಕೆ ಹಾಕಿದರೆ ಮುಗಿಯಿತು, ಮುಟ್ಟಿತೋ ಇಲ್ಲವೋ ಗೊತ್ತಾಗುವುದಿಲ್ಲ. ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಬೇರೆಯವರ ಹೆಸರಿನಲ್ಲಿ ಬರೆದೂ ಹಾಕಬಹುದು.

ಈ ಕೊರತೆ ತುಂಬಲು 1998ರಲ್ಲಿ ಹಂಗೇರಿಯ ಬಲಾಜ್ ಶೈಡ್ಲರ್ ಸಿಸ್‌ಲಾಗ್-ಎನ್‌ಜಿ ಶುರು ಮಾಡಿದರು. 2004ರಲ್ಲಿ ಜರ್ಮನಿಯ ರೈನರ್ ಗೆರ್‌ಹಾರ್ಡ್ಸ್ ಆರ್‌ಸಿಸ್‌ಲಾಗ್ ಎಂಬ ಪ್ರೋಗ್ರಾಮ್ ಶುರು ಮಾಡಿದರು. 2009ರ ಆರ್‌ಎಫ್‌ಸಿ 5424 ಬರೆದವರೂ ಅವರೇ. ಅದರಲ್ಲಿ ಕೊನೆಗೂ ವರ್ಷ ಬಂತು, ಸಮಯದ ವಲಯ ಬಂತು. ಅದೇ ಹೊತ್ತಿಗೆ ಟಿಎಲ್‌ಎಸ್ ಎಂಬ ಗೂಢಲಿಪಿಯಲ್ಲಿ ಮುಚ್ಚಿ ಕಳಿಸುವ ನಿಯಮವೂ ಬಂತು, ಪೋರ್ಟ್ 6514. ಹಳೇ ರೂಪ ಮಾತ್ರ ಇವತ್ತಿಗೂ ಹೋಗಿಲ್ಲ. ಎಷ್ಟೋ ಸಾಧನಗಳು ಅದನ್ನೇ ಕಳಿಸುತ್ತವೆ.

2011ರ ನವೆಂಬರ್‌ನಲ್ಲಿ ಲೆನಾರ್ಟ್ ಪೊಟರಿಂಗ್ ಮತ್ತು ಕೇ ಸೀವರ್ಸ್ ‘ಜರ್ನಲ್’ ಎಂಬ ಹೊಸ ಲಾಗ್ ವ್ಯವಸ್ಥೆಯ ಪ್ರಸ್ತಾವ ಮುಂದಿಟ್ಟರು. ಲಿನಕ್ಸ್‌ನ ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ ಬರೆದವರು ಅವರೇ. ಸಿಸ್‌ಲಾಗ್ ಬಗ್ಗೆ ಅವರ ಆಕ್ಷೇಪಗಳು ಸುಳ್ಳಲ್ಲ. ಮಷೀನ್‌ನಲ್ಲಿರುವ ಯಾವ ಪ್ರೋಗ್ರಾಮ್ ಬೇಕಾದರೂ ‘ನಾನು ಅಪಾಚೆ ವೆಬ್ ಸರ್ವರ್’ ಅಂತ ಹೇಳಿಕೊಂಡು ಸಿಸ್‌ಲಾಗ್‌ಗೆ ಬರೆಯಬಹುದಿತ್ತು. ಜರ್ನಲ್ ಬರೆಯುವ ಪ್ರೋಗ್ರಾಮ್ ಜರ್ನಲ್‌ಡಿ ಹಾಗೆ ಒಪ್ಪುವುದಿಲ್ಲ. ಬರೆದವರು ಯಾರು ಅಂತ ಸಿಸ್ಟಮ್‌ನ ತಿರುಳಾದ ಕರ್ನೆಲ್ ಬಳಿಯೇ ಕೇಳಿ ದಾಖಲಿಸುತ್ತದೆ. ಯಾವ ಸರ್ವಿಸ್, ಯಾವ ಬೂಟ್ (ಮಷೀನ್ ಯಾವ ಸಲ ಶುರುವಾದಾಗ), ಯಾವ ಬಳಕೆದಾರ ಅಂತ ಹುಡುಕುವುದು ಸುಲಭವಾಯಿತು.

ಆದರೆ ಅದು ಬರೆಯುವುದು ಬೈನರಿ ಫೈಲ್, ಕಣ್ಣಿಗೆ ನೇರವಾಗಿ ಓದಲು ಬಾರದ್ದು. ಜಗಳ ಹತ್ತಿಕೊಂಡಿದ್ದು ಇಲ್ಲೇ. ‘ಗ್ರೆಪ್‌ನಿಂದ ಪದ ಹುಡುಕಕ್ಕಾಗದ ಲಾಗ್ ಲಾಗೇ ಅಲ್ಲ’ ಅಂತ ಒಂದು ಕಡೆ. ‘ಟೆಕ್ಸ್ಟ್ ಫೈಲ್ ತಿದ್ದಿದರೆ ಗೊತ್ತೇ ಆಗಲ್ವಲ್ಲ’ ಅಂತ ಇನ್ನೊಂದು ಕಡೆ. ಎರಡರಲ್ಲೂ ಸತ್ಯ ಇತ್ತು. ಫೈಲ್ ಕೆಟ್ಟರೆ ಜರ್ನಲ್‌ಡಿ ಅದನ್ನು ಪಕ್ಕಕ್ಕಿಟ್ಟು ಹೊಸದು ಶುರು ಮಾಡುತ್ತದೆ. ಕೆಟ್ಟದ್ದರಲ್ಲಿ ಎಷ್ಟು ಓದಲು ಸಿಗುತ್ತದೆ ಅನ್ನುವುದು ಅದೃಷ್ಟ. ಟೆಕ್ಸ್ಟ್ ಆಗಿದ್ದರೆ ಅರ್ಧ ಹರಿದ ಸಾಲನ್ನೂ ಕಣ್ಣಿನಿಂದ ಓದಬಹುದಿತ್ತು.

ಈ ಜಗಳದ ನಡುವೆ ಒಂದೊಂದು ಡಿಸ್ಟ್ರೋ, ಅಂದರೆ ಲಿನಕ್ಸ್‌ನ ಒಂದೊಂದು ಬಗೆ, ಒಂದೊಂದು ದಾರಿ ಹಿಡಿಯಿತು. 2013ರ ಕೊನೆಗೆ ಫೆಡೋರಾ 20 ಹಳೇ ಸಿಸ್‌ಲಾಗ್ ಸೇವೆಯನ್ನು ತಾನಾಗಿ ಹಾಕುವುದು ಬಿಟ್ಟಿತು. 2014ರ ರೆಡ್ ಹ್ಯಾಟ್ 7 ಎರಡನ್ನೂ ಇಟ್ಟುಕೊಂಡಿತು. ಅಲ್ಲಿ ಜರ್ನಲ್ ಮೆಮರಿಯಲ್ಲಿ, ಆರ್‌ಸಿಸ್‌ಲಾಗ್ ಡಿಸ್ಕ್‌ನಲ್ಲಿ. ಡೆಬಿಯನ್ ಕಾದು ನೋಡಿ 2023ರಲ್ಲಿ ಆರ್‌ಸಿಸ್‌ಲಾಗ್ ಅನ್ನು ಐಚ್ಛಿಕ ಮಾಡಿತು. ಆ ಹುಡುಗ ಹುಡುಕುತ್ತಿದ್ದ ಫೈಲ್ ಕಾಣೆಯಾಗಿದ್ದು ಆಗಲೇ.

ಜಾಸ್ತಿ ಪೆಟ್ಟು ಕೊಡುವುದು ಜರ್ನಲ್‌ಡಿಯ ‘ಸ್ಟೋರೇಜ್’ ಎಂಬ ಸೆಟ್ಟಿಂಗ್. ಬಹುಕಾಲ ಅದು ‘ಆಟೊ’ ಅಂತಲೇ ಬಂದಿದೆ. ಲಾಗ್‌ಗಳಿರುವ ವಾರ್-ಲಾಗ್ ಫೋಲ್ಡರ್ ಒಳಗೆ ‘ಜರ್ನಲ್’ ಅನ್ನುವ ಫೋಲ್ಡರ್ ಇದ್ದರೆ ಡಿಸ್ಕ್‌ನಲ್ಲಿ ಇಡುತ್ತದೆ. ಇಲ್ಲದಿದ್ದರೆ ಮೆಮರಿಯಲ್ಲಿ. ರೀಸ್ಟಾರ್ಟ್ ಆದರೆ ಎಲ್ಲವೂ ಹೋಯಿತು. ನನ್ನ ಕೈಯಲ್ಲೇ ಒಮ್ಮೆ ಹೀಗಾಗಿದೆ. ರಾತ್ರಿ ಸರ್ವರ್ ಹೆಪ್ಪುಗಟ್ಟಿ ನಿಂತಿತು, ಪವರ್ ಒತ್ತಿ ಎಬ್ಬಿಸಿದೆವು. ಹಿಂದಿನ ಬೂಟಿನ ಲಾಗ್ ಕೇಳಿದರೆ ಹಾಗೊಂದು ಬೂಟ್ ನಡೆದೇ ಇಲ್ಲ ಎಂಬಂತೆ ಉತ್ತರ ಬಂತು. ಖಾಲಿ ಫೋಲ್ಡರ್ ಒಂದು ಇದ್ದಿದ್ದರೆ ಕಾರಣ ಸಿಗುತ್ತಿತ್ತು. ಇವತ್ತಿಗೂ ಆ ರಾತ್ರಿ ಏನಾಯಿತು ಅಂತ ನಮಗೆ ಗೊತ್ತಿಲ್ಲ.

ಡಿಸ್ಕ್‌ನಲ್ಲಿ ಇಟ್ಟರೂ ಜಾಗಕ್ಕೆ ಮಿತಿ ಇದೆ: ಆ ಪಾರ್ಟಿಷನ್‌ನ ಶೇ 10, ಹೆಚ್ಚೆಂದರೆ 4 ಜಿಬಿ. ಅದು ದಾಟಿದರೆ ಹಳೆಯದು ಅಳಿಯುತ್ತದೆ. ಒಂದು ಸರ್ವಿಸ್ 30 ಸೆಕೆಂಡಿಗೆ 10,000 ಸಾಲಿನ ಮೂಲ ಮಿತಿ ದಾಟಿ ಬರೆದರೆ ಮಿಕ್ಕಿದ್ದನ್ನು ಬಿಟ್ಟು, ‘ಇಷ್ಟು ಸಾಲು ತಡೆದೆ’ ಅಂತ ಒಂದು ಸಾಲು ಹಾಕುತ್ತದೆ. ಟೆಕ್ಸ್ಟ್ ಫೈಲ್‌ಗಳ ಕಡೆ ಲಾಗ್‌ರೊಟೇಟ್ ಎಂಬ ಪ್ರೋಗ್ರಾಮ್ ಬಹುತೇಕ ಕಡೆ ವಾರಕ್ಕೊಂದರಂತೆ ನಾಲ್ಕು ಹಳೇ ಪ್ರತಿ ಇಡುತ್ತದೆ. ಅಂದರೆ ಹೆಚ್ಚುಕಡಿಮೆ ಒಂದು ತಿಂಗಳು.

ನಮ್ಮ ದೇಶದಲ್ಲಿ ಈ ಲೆಕ್ಕ ತಪ್ಪುವುದು ಇಲ್ಲಿಯೇ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಿರ್ದೇಶನ ಹೊರಡಿಸಿತು. ಕಂಪನಿಗಳು, ಡೇಟಾ ಸೆಂಟರ್‌ಗಳು, ಸರ್ಕಾರಿ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಜೋಪಾನವಾಗಿ ಇಡಬೇಕು. ಗಡಿಯಾರವನ್ನು ಸರಿಹೊಂದಿಸಿಕೊಳ್ಳಬೇಕು. ದಾಳಿಯಂಥದ್ದು ನಡೆದರೆ 6 ಗಂಟೆಯೊಳಗೆ ತಿಳಿಸಬೇಕು. ಒಂದು ತಿಂಗಳ ಸೆಟ್ಟಿಂಗ್ ಎಲ್ಲಿ, 180 ದಿನ ಎಲ್ಲಿ? ಬೈನರಿಯೋ ಟೆಕ್ಸ್ಟೋ ಅಂತ ವರ್ಷಗಟ್ಟಲೆ ವಾದ ನಡೆಯಿತು. ಮಷೀನ್‌ನಿಂದ ಹೊರಗೆ ಇನ್ನೊಂದು ಪ್ರತಿ ಇದೆಯಾ ಅನ್ನುವ ಪ್ರಶ್ನೆ ಆಡಿಟ್ ಹಿಂದಿನ ದಿನಕ್ಕೆ ಉಳಿಯಿತು. ಒಳನುಗ್ಗಿದವನು ಅಳಿಸುವ ಮೊದಲ ವಸ್ತು ಲಾಗ್. ಮಷೀನ್ ಅವನ ಕೈಯಲ್ಲಿದ್ದರೆ ಫೈಲ್ ಯಾವ ರೂಪದಲ್ಲಿದ್ದರೇನು?

ಹೊರಗೆ ಕಳಿಸುವುದರಲ್ಲೂ ಸೂಕ್ಷ್ಮ ಇದೆ. ಆರ್‌ಸಿಸ್‌ಲಾಗ್‌ನ ಹಳೇ ಶೈಲಿಯಲ್ಲಿ ವಿಳಾಸದ ಮುಂದೆ ಒಂದು @ ಹಾಕಿದರೆ ಯುಡಿಪಿ, ಎರಡು ಹಾಕಿದರೆ ಟಿಸಿಪಿ, ಅಂದರೆ ಮುಟ್ಟದಿದ್ದರೆ ಮತ್ತೆ ಕಳಿಸುವ ದಾರಿ. ಟಿಸಿಪಿ ಹಾಕಿದೆವು, ಇನ್ನು ಕಳೆಯುವುದಿಲ್ಲ ಅಂತ ಬಹಳ ಜನ ನೆಮ್ಮದಿಯಾಗಿರುತ್ತಾರೆ. ಆದರೆ ಲಿಂಕ್ ಕಡಿದ ಕ್ಷಣ ಬಫರ್‌ನಲ್ಲಿದ್ದ ಸಾಲುಗಳನ್ನು ಕಳಿಸಿದ್ದಾಯಿತು ಅಂತಲೇ ಆರ್‌ಸಿಸ್‌ಲಾಗ್ ಲೆಕ್ಕ ಹಾಕಿರುತ್ತದೆ, ಅವು ಮುಟ್ಟದೇ ಕಳೆದುಹೋಗಬಹುದು. ಅದಕ್ಕೇ ಗೆರ್‌ಹಾರ್ಡ್ಸ್ ಮುಟ್ಟಿದ್ದಕ್ಕೆ ರಸೀದಿ ಕೊಡುವ ‘ರೆಲ್ಪ್’ ಮಾಡಿದರು. ಆ ಕಡೆಯ ಸರ್ವರ್ ತುಂಬಾ ಹೊತ್ತು ಮಲಗಿದರೆ ಕಳಿಸಲು ಕಾದಿರುವ ಸಾಲುಗಳ ಕ್ಯೂ ತುಂಬುತ್ತದೆ. ಆಗ ಲಾಗ್ ಬರೆಯಲು ಕಾಯುತ್ತಾ ಲಾಗಿನ್ ಕೂಡ ನಿಂತುಬಿಡಬಹುದು. ಕ್ಯೂವನ್ನು ಡಿಸ್ಕ್‌ಗೆ ಇಳಿಸುವ ಸೆಟ್ಟಿಂಗ್ ಇದೆ. ಅದನ್ನು ನಾವೇ ಬರೆಯಬೇಕು.

ಜರ್ನಲ್ ಕಡೆಯೂ ಕಳಿಸುವ ಸಾಧನ ಬಂದಿವೆ. 2014ರಲ್ಲಿ ‘ಜರ್ನಲ್ ಅಪ್‌ಲೋಡ್’ ಬಂತು. 2024ರ ಸಿಸ್ಟಮ್‌ಡಿ 256ರಲ್ಲಿ ಜರ್ನಲ್‌ಡಿ ತಾನೇ ನೇರವಾಗಿ ಕಳಿಸುವುದನ್ನು ಕಲಿಯಿತು. ಆದರೆ ಅದು ಕಳಿಸುವುದು ಜರ್ನಲ್‌ನದೇ ರೂಪದಲ್ಲಿ. ರೌಟರ್, ಫೈರ್‌ವಾಲ್ ಎಲ್ಲ ಮಾತಾಡುವುದು ಸಿಸ್‌ಲಾಗ್. ಹಾಗಾಗಿ ಲಾಗ್ ಸೇರಿಸುವ ಮಷೀನ್ ಎರಡು ಭಾಷೆ ಕಲಿಯಬೇಕು, ಇಲ್ಲವೇ ಕಳಿಸುವ ಕಡೆ ಆರ್‌ಸಿಸ್‌ಲಾಗ್ ಇರಬೇಕು.

ನಾವು ಎರಡನೆಯದನ್ನು ಆರಿಸಿಕೊಂಡೆವು. ಆ ಡೆಬಿಯನ್ ಮಷೀನ್‌ಗೆ ಹುಡುಗನೇ ಆರ್‌ಸಿಸ್‌ಲಾಗ್ ಹಾಕಿದ. ಪೋರ್ಟ್ 6514, ಟಿಎಲ್‌ಎಸ್, ಡಿಸ್ಕ್ ಮೇಲೆ ಕ್ಯೂ, ಹೊಸ ರೂಪದ ಸಮಯ. ಎಲ್ಲ ಆದಮೇಲೆ ‘ಕೇಬಲ್ ಕಿತ್ತು ನೋಡು’ ಅಂದೆ. ಹತ್ತು ನಿಮಿಷ ಕಿತ್ತಿಟ್ಟ, ಕನ್ಸೋಲ್‌ನಲ್ಲಿ ಕೂತು ಬೇಕಂತಲೇ ನಾಲ್ಕು ಸಲ ತಪ್ಪು ಪಾಸ್‌ವರ್ಡ್ ಒತ್ತಿದ. ಮತ್ತೆ ಸಿಕ್ಕಿಸಿದ ಮೇಲೆ ಆ ಕಡೆಯ ಸ್ಕ್ರೀನ್‌ನಲ್ಲಿ ನಾಲ್ಕೂ ಸಾಲು ಒಂದರ ಹಿಂದೆ ಒಂದು ಬಂದವು. ಒಂದೊಂದರ ಮುಂದೆಯೂ ಅವನು ಒತ್ತಿದ ಹೊತ್ತೇ ಇತ್ತು, ಕೊನೆಗೆ +05:30 ಸಮೇತ.