ರೇಷ್ಮೆ ಸರಪಳಿಯಲ್ಲಿ ಹೆಂಗಸರ ಜಾಗ ಎಲ್ಲಿ? ಒಂದು ಅಧ್ಯಯನ ಟಿಪ್ಪಣಿ

ಪೂರೈಕೆ ಸರಪಳಿ ಅಂದ ತಕ್ಷಣ ಲಾರಿ, ಗೋದಾಮು, ಕಂಟೇನರ್ ನೆನಪಾಗುತ್ತವೆ. ಅಷ್ಟು ದೂರ ಯಾಕೆ? ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದ ರೇಷ್ಮೆಯನ್ನೇ ತಗೊಳ್ಳಿ. ಹಿಪ್ಪುನೇರಳೆ ತೋಟ, ಹುಳು ಮನೆ, ಗೂಡಿನ ಮಾರುಕಟ್ಟೆ, ನೂಲು ಬಿಚ್ಚುವ ಘಟಕ, ಆಮೇಲೆ ಮಗ್ಗ. ಪ್ರತಿ ಹಂತದಲ್ಲೂ ಎರಡು ಪ್ರಶ್ನೆ ಕೇಳುತ್ತಾ ಹೋಗಿ: ಕೆಲಸ ಯಾರದು, ತೀರ್ಮಾನ ಯಾರದು?

ಮೊದಲು ಹುಳು ಮನೆ. ಮೊಟ್ಟೆ ಒಡೆದ ಮೇಲೆ ಹುಳು ಹಣ್ಣಾಗಲು, ಅಂದರೆ ಗೂಡು ಕಟ್ಟಲು ಸಿದ್ಧವಾಗಲು, ಸುಮಾರು 25 ದಿನ ಬೇಕು. ನಡುವೆ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಮೇಯುವುದು ಬಿಟ್ಟು ಪೊರೆ ಕಳಚುತ್ತದೆ. ನಾಲ್ಕನೇ ಜ್ವರದಿಂದ ಎದ್ದ ಹುಳು ಒಂದೇ ವಾರದಲ್ಲಿ ಇಡೀ ಬೆಳೆಯ ಶೇ. 80ಕ್ಕಿಂತ ಜಾಸ್ತಿ ಸೊಪ್ಪು ತಿಂದು ಮುಗಿಸುತ್ತದೆ. ಆ ವಾರ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರುವುದಿಲ್ಲ. ಸೊಪ್ಪು ಹಾಕುವುದು, ಹಿಕ್ಕೆ ತೆಗೆಯುವುದು, ಸುಣ್ಣ ಉದುರಿಸುವುದು ಹೆಚ್ಚಾಗಿ ಹೆಂಗಸರೇ. ಹುಳುವಿನ ಮೈ ಹಳದಿಗೆ ತಿರುಗಿ, ತಲೆ ಎತ್ತಿ ಆಡಿಸತೊಡಗಿದರೆ, 'ಹಣ್ಣಾಯ್ತು, ಚಂದ್ರಿಕೆಗೆ (ಹುಳು ಗೂಡು ಕಟ್ಟುವ ತಟ್ಟೆಗೆ) ಬಿಡಿ' ಎನ್ನುವವರೂ ಅವರೇ. ಪುಸ್ತಕದಲ್ಲಿ ಇದಕ್ಕೆ ಗುಣಮಟ್ಟ ನಿಯಂತ್ರಣ ಅಂತಾರೆ. ಮನೆಯ ಲೆಕ್ಕದಲ್ಲಿ ಮಾತ್ರ ಇದಕ್ಕೆ ಕೂಲಿಯೂ ಇಲ್ಲ, ಹೆಸರೂ ಇಲ್ಲ.

ಈಗ ಮಾರುಕಟ್ಟೆಗೆ ಬನ್ನಿ. ಗೂಡನ್ನು ಜಾಸ್ತಿ ದಿನ ಇಟ್ಟುಕೊಳ್ಳುವ ಹಾಗಿಲ್ಲ. ಒಳಗಿನ ಪತಂಗ ತೂತು ಮಾಡಿ ಹೊರಬಂದರೆ ಎಳೆ ತುಂಡಾಗುತ್ತದೆ. ಹಾಗಾಗಿ ಸಿಕ್ಕ ದಿನದ ದರ ಒಪ್ಪಲೇಬೇಕು. ಹರಾಜಿನಲ್ಲಿ ರೀಲರ್‌ಗಳು, ಅಂದರೆ ಗೂಡು ಕೊಂಡು ನೂಲು ಬಿಚ್ಚಿಸುವವರು, ಮೊಬೈಲ್‌ನಲ್ಲೇ ಬೆಲೆ ಹಾಕುತ್ತಾರೆ. ದರ ಒಪ್ಪುವುದು, ತೂಕ ನೋಡುವುದು, ಹಣ ಯಾರ ಖಾತೆಗೆ ಹೋಗಬೇಕು ಅನ್ನುವುದು ಎಲ್ಲಾ ಇಲ್ಲೇ ನಡೆಯುತ್ತದೆ. ಇಲ್ಲಿ ಮಾತ್ರ ಹೆಚ್ಚಿನವರು ಗಂಡಸರು.

ಕಾರಣ ಹುಡುಕುತ್ತಾ ಹೋದರೆ ಪಹಣಿ ಸಿಗುತ್ತದೆ, ಅಂದರೆ ಜಮೀನು ಯಾರ ಹೆಸರಲ್ಲಿದೆ ಅನ್ನುವ ದಾಖಲೆ. 2015-16ರ ಕೃಷಿ ಗಣತಿ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಹೆಂಗಸರು ಸುಮಾರು ಶೇ. 14 ಅಷ್ಟೇ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು, ಕೇಂದ್ರಕ್ಕಿಂತ 11 ವರ್ಷ ಮೊದಲು. ಆದರೂ 'ಅಣ್ಣತಮ್ಮಂದಿರ ಜೊತೆ ಜಗಳ ಯಾಕೆ' ಅಂತ ಸಹಿ ಹಾಕಿ ಬಿಟ್ಟುಕೊಡುವವರು ಎಷ್ಟೋ ಜನ.

ನೂಲು ಬಿಚ್ಚುವ ಘಟಕದಲ್ಲಿ ಹೆಂಗಸರು ದಿನವಿಡೀ ಬಿಸಿನೀರಿನಲ್ಲಿ ಕೈ ಅದ್ದಿ ಎಳೆಯ ತುದಿ ಹುಡುಕಬೇಕು. ಬೆರಳುಗಳು ಬೆಳ್ಳಗೆ ನೆನೆದು ಚರ್ಮ ಸುಲಿಯುತ್ತದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ತಂದ ನಿಯಮದ ಪ್ರಕಾರ 50 ಅಥವಾ ಜಾಸ್ತಿ ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು. ಸಣ್ಣ ಘಟಕಗಳು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅಲ್ಲಿ ಮಗು ಬಿಸಿನೀರಿನ ತೊಟ್ಟಿಯ ಪಕ್ಕದಲ್ಲೇ ಆಡಬೇಕಾಗುತ್ತದೆ. ಇದು ನನಗೆ ತುಂಬಾ ಸಂಕಟ ತರುವ ವಿಷಯ.

ಹೋಲಿಕೆಗೆ ಹಾಲನ್ನು ನೋಡಿ. ಅದೇ ಊರು, ಅದೇ ಮನೆಗಳು. ಆದರೆ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಸದಸ್ಯರು, ಅಧ್ಯಕ್ಷರು ಎಲ್ಲರೂ ಹೆಂಗಸರೇ. ಹಾಲಿನ ಡಿಗ್ರಿ (ಗಟ್ಟಿತನ), ಫ್ಯಾಟ್ (ಕೊಬ್ಬಿನ ಅಂಶ) ನೋಡುವುದು, ಲೆಕ್ಕ ಬರೆಯುವುದು ಅವರ ಕಣ್ಣೆದುರಿಗೇ ನಡೆಯುತ್ತದೆ. ಅಲ್ಲಿ ಮುಖ್ಯವಾಗಿ ಬೇಕಾದದ್ದು ಹಸು ಮತ್ತು ದಿನಾ ಹಾಕುವ ಹಾಲು. ಜಮೀನು ಯಾರ ಹೆಸರಲ್ಲಿದೆ ಅನ್ನುವುದು ಅಡ್ಡ ಬರುವುದಿಲ್ಲ. ಸರಪಳಿಯಲ್ಲಿ ಹೆಂಗಸರ ಒಳಗೊಳ್ಳುವಿಕೆ ಬಗ್ಗೆ ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಈ ವ್ಯತ್ಯಾಸವನ್ನು ಖಂಡಿತ ಸೇರಿಸಿ.